ಪಾಂಪೇಗೋ, ಹರ್ಕ್ಯುಲೇನಿಯಂಗೋ, ಓಸ್ತಿಯಾಕ್ಕೋ? ಇಟಲಿಯಲ್ಲಿ ಒಂದೇ ದಿನ ಕೈಲಿರುವವರಿಗೆ

ಇಟಲಿಗೆ ಹೊರಟ ನೆಂಟರು, ಗೆಳೆಯರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ರೋಮ್‌ನಲ್ಲಿ ನಾಲ್ಕು ದಿನ ಇರ್ತೀವಿ. ಒಂದು ದಿನ ಪಾಂಪೇ ನೋಡ್ಕೊಂಡು ಬಂದ್ಬಿಡಬಹುದಾ?" ಬಂದುಬಿಡಬಹುದು. ರೋಮ್‌ನಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ. ಅಲ್ಲಿಂದ ಸೊರೆಂಟೊ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಪಾಂಪೇ. ಆದರೆ ನಾನು ತಿರುಗಿ ಕೇಳುವುದು ಬೇರೆ. ಯಾರ್ಯಾರು ಹೋಗುತ್ತಿದ್ದೀರಿ? ಯಾವ ತಿಂಗಳು? ಮಂಡಿನೋವು ಯಾರಿಗಿದೆ?

ಯಾಕೆಂದರೆ ಎರಡು ಸಾವಿರ ವರ್ಷದ ಹಿಂದಿನ ರೋಮನ್ ಊರೊಂದರ ಬೀದಿಯಲ್ಲಿ ನಡೆಯಬೇಕು ಅನ್ನುವವರಿಗೆ ಅಲ್ಲಿ ಪಾಂಪೇ ಒಂದೇ ಇಲ್ಲ. ಅದೇ ರೈಲಿನ ದಾರಿಯಲ್ಲಿ, ಅದಕ್ಕಿಂತ ಮೊದಲೇ ಹರ್ಕ್ಯುಲೇನಿಯಂ ಸಿಗುತ್ತದೆ. ರೋಮ್‌ನ ಪಕ್ಕದಲ್ಲೇ ಓಸ್ತಿಯಾ ಆಂತಿಕಾ ಇದೆ. ಇನ್ನೂ ದಕ್ಷಿಣಕ್ಕೆ ಇಳಿದರೆ ಪೆಸ್ಟಮ್ ಇದೆ. ನಾವು ಶಾಲೆಯಲ್ಲಿ ಕೇಳಿದ ಹೆಸರು ಪಾಂಪೇ ಒಂದೇ. ಹಾಗಾಗಿ ಎಲ್ಲರೂ ಅಲ್ಲಿಗೇ ಹೋಗುತ್ತಾರೆ.

ನಾನೂ ಹಾಗೇ ಹೋದೆ. ಜುಲೈ ತಿಂಗಳಲ್ಲಿ, ಅಪ್ಪ ಅಮ್ಮನನ್ನು ಕರೆದುಕೊಂಡು. ಹನ್ನೊಂದು ಗಂಟೆಗೆ ಒಳಗೆ ಕಾಲಿಟ್ಟೆವು. ಒಂದು ಗಂಟೆಯ ಹೊತ್ತಿಗೆ ಅಮ್ಮ ಒಂದು ಮುರಿದ ಗೋಡೆಯ ನೆರಳಲ್ಲಿ ಕೂತು, "ನೀವು ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದರು. ಆ ನೆರಳು ಎಷ್ಟು ಅಗಲ ಇತ್ತೋ ಅಷ್ಟೇ ಅಮ್ಮ ನೋಡಿದ ಪಾಂಪೇ. ಎರಡು ವರ್ಷದ ಮೇಲೆ ಅದೇ ಅಮ್ಮನನ್ನು ಅಕ್ಟೋಬರ್‌ನಲ್ಲಿ ಹರ್ಕ್ಯುಲೇನಿಯಂಗೆ ಕರೆದುಕೊಂಡು ಹೋದೆ. ಅಲ್ಲಿ ಸುಸ್ತಾಗಿ ಕೂತವನು ನಾನು. ಅಮ್ಮ ಮನೆಮನೆಯೊಳಗೆ ಇಣುಕುತ್ತಾ ಮುಂದೆ ಹೋಗಿದ್ದರು.

ಹಾಗಾಗಿ ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಅರ್ಧ ದಿನ ಮಾತ್ರ ಇದ್ದರೆ, ಅಥವಾ ಜೊತೆಯಲ್ಲಿ ವಯಸ್ಸಾದವರಿದ್ದರೆ, ಹರ್ಕ್ಯುಲೇನಿಯಂ. ಪೂರ್ತಿ ದಿನ ಇದ್ದು ಕಾಲು ಗಟ್ಟಿ ಇದ್ದರೆ ಪಾಂಪೇ. ರೋಮ್ ಬಿಟ್ಟು ಕದಲುವ ಮನಸ್ಸಿಲ್ಲದಿದ್ದರೆ ಓಸ್ತಿಯಾ. ಕಾರಣಗಳನ್ನು ಮುಂದೆ ಹೇಳುತ್ತೇನೆ, ನಿಮಗೆ ಒಪ್ಪಿಗೆ ಆಗದೇ ಇರಬಹುದು.

ಒಂದೇ ಬೆಟ್ಟ, ಎರಡು ಊರು, ಎರಡು ಥರದ ಸಾವು

ಪಾಂಪೇ, ಹರ್ಕ್ಯುಲೇನಿಯಂ ಎರಡೂ ಮುಗಿದುಹೋಗಿದ್ದು ಕ್ರಿ.ಶ. 79ರಲ್ಲಿ, ವೆಸೂವಿಯಸ್ ಬೆಟ್ಟ ಸಿಡಿದಾಗ. ಆಗಸ್ಟ್ 24 ಅಂತ ಬಹಳ ಕಾಲ ಬರೆದುಕೊಂಡು ಬಂದಿದ್ದರು. 2018ರಲ್ಲಿ ಪಾಂಪೇಯ ಒಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದ ಒಂದು ಬರಹ ಸಿಕ್ಕಿತು. ಅದರಲ್ಲಿದ್ದ ತಾರೀಕು ಅಕ್ಟೋಬರ್ 17ಕ್ಕೆ ಸರಿಹೊಂದುತ್ತದೆ. ಇದ್ದಿಲಿನ ಗೀಚು ಗೋಡೆಯ ಮೇಲೆ ಜಾಸ್ತಿ ದಿನ ನಿಲ್ಲುವುದಿಲ್ಲ. ಹಾಗಾಗಿ ಬೆಟ್ಟ ಸಿಡಿದಿದ್ದು ಅಕ್ಟೋಬರ್ ಕೊನೆಯಲ್ಲಿರಬೇಕು ಅಂತ ಈಗ ಅನೇಕರು ಹೇಳುತ್ತಾರೆ.

ಬೆಟ್ಟ ಒಂದೇ ಆದರೂ ಎರಡು ಊರಿಗೆ ಬಂದ ಸಾವು ಬೇರೆಬೇರೆ. ಇದು ಗೊತ್ತಿದ್ದರೆ ಯಾವುದನ್ನು ಆರಿಸಬೇಕು ಅನ್ನುವುದು ಅರ್ಧ ತೀರ್ಮಾನ ಆದ ಹಾಗೆ.

ಪಾಂಪೇ ಇರುವುದು ಬೆಟ್ಟದ ಆಗ್ನೇಯಕ್ಕೆ. ಅವತ್ತು ಗಾಳಿ ಆ ಕಡೆಗೇ ಬೀಸುತ್ತಿತ್ತು. ಹಿಮ್ಮಡಿ ಉಜ್ಜಲು ಬಳಸುತ್ತೇವಲ್ಲ, ಆ ಥರದ ಹಗುರ ಕಲ್ಲು ಗಂಟೆಗಟ್ಟಲೆ ಮಳೆಯ ಹಾಗೆ ಸುರಿಯಿತು. ಭಾರಕ್ಕೆ ಚಾವಣಿಗಳು ಕುಸಿದವು. ಮರುದಿನ ಬೆಳಗ್ಗೆ ಬಿಸಿ ಬೂದಿಯ ಮೋಡ ನುಗ್ಗಿ ಉಳಿದವರನ್ನು ಮುಗಿಸಿತು. ಹರ್ಕ್ಯುಲೇನಿಯಂ ಬೆಟ್ಟದ ಪಶ್ಚಿಮಕ್ಕೆ, ಕಡಲ ದಂಡೆಯಲ್ಲಿತ್ತು. ಮೊದಲ ದಿನ ಅಲ್ಲಿ ಹೆಚ್ಚೇನೂ ಬೀಳಲಿಲ್ಲ. ನಡುರಾತ್ರಿ ಕಳೆದ ಮೇಲೆ ಕುದಿಯುವ ಗಾಳಿ, ಬೂದಿ ಬೆಟ್ಟದಿಂದ ಒಂದೇ ಸಮ ಇಳಿದು ಬಂದು ಊರನ್ನು ಸುಮಾರು 20 ಮೀಟರ್ ಆಳಕ್ಕೆ ಹೂತುಹಾಕಿತು. ಆಮೇಲೆ ಅದೆಲ್ಲ ಗಟ್ಟಿಯಾಗಿ ಬಂಡೆಯಂತಾಯಿತು.

ಪಾಂಪೇಯ ಮೇಲೆ ಬಿದ್ದಿದ್ದು ಸಡಿಲ ಕಲ್ಲು, ಬೂದಿ. ಅಗೆಯುವುದು ಸುಲಭ. ಹಾಗಾಗಿ ಊರಿನ ಮೂರರಲ್ಲಿ ಎರಡು ಭಾಗ ಈಗ ಹೊರಗೆ ಬಂದಿದೆ. ಆದರೆ ಮಾಡು ಇಲ್ಲ, ಮಹಡಿ ಇಲ್ಲ. ಹರ್ಕ್ಯುಲೇನಿಯಂನಲ್ಲಿ ಅಗೆಯುವುದು ಬಂಡೆ ಒಡೆದ ಹಾಗೆ. ಸಾಲದ್ದಕ್ಕೆ ಅದರ ನೆತ್ತಿಯ ಮೇಲೇ ಎರ್ಕೊಲಾನೊ ಅನ್ನುವ ಇವತ್ತಿನ ಊರು ಕೂತಿದೆ. ಹಳೇ ಊರಿನ ಕಾಲುಭಾಗದಷ್ಟು ಮಾತ್ರ ಕಾಣುತ್ತದೆ. ಆದರೆ ಕಂಡಷ್ಟರಲ್ಲಿ ಮಹಡಿ ಇದೆ, ಮರದ ತೊಲೆ ಇದೆ, ಬಾಗಿಲು ಇದೆ, ಮಂಚ ಇದೆ. ಆ ಬಿಸಿಗೆ ಮರ ಉರಿದು ಬೂದಿಯಾಗದೆ ಇದ್ದಿಲಾಗಿ ಹಾಗೇ ನಿಂತಿತು.

ಪಾಂಪೇ: ಊರು ಅಂದರೆ ಊರು

ಪಾಂಪೇಯನ್ನು ಬೈಯಲು ಕೂತಿಲ್ಲ. ಕೋಟೆಗೋಡೆಯೊಳಗೇ 66 ಹೆಕ್ಟೇರ್ ಊರು. ನಮ್ಮ ಲೆಕ್ಕದಲ್ಲಿ 160 ಎಕರೆ ದಾಟುತ್ತದೆ. ಹಂಪಿಯಲ್ಲಿ ಗುಡಿಯಿಂದ ಗುಡಿಗೆ, ಬಜಾರಿನಿಂದ ಅರಮನೆಗೆ ನಡುವೆ ಬಂಡೆ, ಬಾಳೆತೋಟ ಸಿಗುತ್ತವೆ, ಅಲ್ವಾ? ಇಲ್ಲಿ ಆ ಬಿಡುವು ಇಲ್ಲ. ಬೀದಿಗೆ ಬೀದಿ, ಅಂಗಡಿಗೆ ಅಂಗಡಿ ಅಂಟಿಕೊಂಡು ನಿಂತಿವೆ. ಒಂದು ಮೂಲೆಯಲ್ಲಿ ನಿಂತು ನಾಲ್ಕೂ ಕಡೆ ನೋಡಿದರೆ ಊರು ಮುಗಿಯುವುದೇ ಇಲ್ಲ. ಈ ಅನುಭವ ಬೇರೆಲ್ಲೂ ಸಿಗುವುದಿಲ್ಲ, ಒಪ್ಪಿಕೊಳ್ಳಲೇಬೇಕು.

ಬೀದಿಗಳನ್ನೇ ನೋಡಿ. ಕಲ್ಲು ಹಾಸಿನ ಮೇಲೆ ಗಾಡಿಯ ಗಾಲಿ ಸವೆಸಿದ ಗೆರೆಗಳು. ಬೀದಿ ದಾಟಲು ಅಲ್ಲಲ್ಲಿ ಎತ್ತರದ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದಾರೆ. ಬೀದಿಯಲ್ಲಿ ಕೊಳಚೆ ಹರಿಯುತ್ತಿದ್ದರೂ ಕಾಲು ಒದ್ದೆಯಾಗಬಾರದು ಅಂತ. ಗಾಲಿ ದಾಟಲು ನಡುವೆ ಜಾಗವನ್ನೂ ಲೆಕ್ಕ ಹಾಕಿ ಬಿಟ್ಟಿದ್ದಾರೆ. ಅಪ್ಪ ಅದನ್ನೇ ಐದು ನಿಮಿಷ ನೋಡಿ, "ನಮ್ಮ ರಸ್ತೆಗೂ ಇದು ಬೇಕಿತ್ತು" ಅಂದರು. ಅಪ್ಪನ ಮಟ್ಟಿಗೆ ಇಡೀ ಪಾಂಪೇಯಲ್ಲಿ ಮೆಚ್ಚುವಂಥದ್ದು ಅದೇ.

ಬೀದಿಬದಿಯ ತಿಂಡಿ ಅಂಗಡಿಗಳು ಇನ್ನೊಂದು. ಥರ್ಮೊಪೋಲಿಯಂ ಅಂತ ಕರೆಯುತ್ತಾರೆ. ಸುಮ್ನೆ ದರ್ಶಿನಿ ಅಂದುಕೊಳ್ಳಿ. ರಸ್ತೆಗೆ ಮುಖ ಮಾಡಿದ ಕಟ್ಟೆ, ಕಟ್ಟೆಯೊಳಗೆ ಹೂತಿಟ್ಟ ಗುಡಾಣಗಳು. ಜನ ಬಂದು, ನಿಂತು, ತಿಂದು ಹೋಗುತ್ತಿದ್ದರು. ಇಂಥವು ಊರಲ್ಲಿ ಸುಮಾರು 80 ಸಿಕ್ಕಿವೆ. ಬೇಕರಿಗಳಲ್ಲಿ ಲಾವಾ ಕಲ್ಲಿನ ಬೀಸುವ ಕಲ್ಲುಗಳು ಆಳೆತ್ತರಕ್ಕೆ ನಿಂತಿವೆ, ಕತ್ತೆ ಕಟ್ಟಿ ತಿರುಗಿಸುತ್ತಿದ್ದರು. ಗೋಡೆಗಳ ಮೇಲೆ ಚುನಾವಣೆಯ ಪ್ರಚಾರ ಬರೆದಿದೆ. ಹಣ್ಣಿನ ವ್ಯಾಪಾರಿಗಳೆಲ್ಲ ಸೇರಿ ಇಂಥವರಿಗೆ ಬೆಂಬಲ ಅಂತ ಒಂದರಲ್ಲಿದೆ.

ಸತ್ತವರ ಅಚ್ಚುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೂದಿ ಗಟ್ಟಿಯಾದ ಮೇಲೆ ದೇಹ ಕರಗಿ, ಅದರ ಆಕಾರದ ಟೊಳ್ಳು ಉಳಿಯಿತು. 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಅನ್ನುವ ಅಧಿಕಾರಿ ಆ ಟೊಳ್ಳುಗಳಿಗೆ ಗಾರೆ ಹೊಯ್ದು ಅಚ್ಚು ತೆಗೆಯುವ ಕ್ರಮ ತಂದರು. ಗೈಡ್‌ಗಳು ಇವುಗಳ ಮುಂದೆ ಕಣ್ಣೀರು ತರಿಸುವ ಕತೆ ಹೇಳುತ್ತಾರೆ. ಕೇಳಿ, ಆದರೆ ಪೂರ್ತಿ ನಂಬಬೇಡಿ. ತಾಯಿ ಮತ್ತು ಮಗು ಅಂತ ಬಹಳ ಕಾಲ ತೋರಿಸುತ್ತಿದ್ದ ಒಂದು ಜೋಡಿಯ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ದೊಡ್ಡವರು ಹೆಂಗಸಲ್ಲ, ಗಂಡಸು. ಮಗುವಿಗೂ ಅವರಿಗೂ ರಕ್ತಸಂಬಂಧವೇ ಇಲ್ಲ.

ಇಷ್ಟೆಲ್ಲ ಇದ್ದೂ ನಾನು ಯಾಕೆ ಎಚ್ಚರಿಸುತ್ತೇನೆ? ಒಂದು, ನೆರಳಿಲ್ಲ. ಎರಡು, ಹೆಸರಾಂತ ಮನೆಗಳನ್ನು ಸರದಿಯಂತೆ ಮುಚ್ಚಿ ತೆರೆಯುತ್ತಾರೆ. ನೀವು ಹೋದ ದಿನ ಯಾವುದು ತೆರೆದಿದೆ ಅಂತ ಮೊದಲೇ ನೋಡಿಕೊಳ್ಳದಿದ್ದರೆ ಬೀಗ ನೋಡಿ ಬರುತ್ತೀರಿ. ವೆಟ್ಟಿ ಸೋದರರ ಮನೆಯಂತೂ ಬಹಳ ವರ್ಷ ಮುಚ್ಚಿದ್ದು 2023ರ ಜನವರಿಯಲ್ಲಿ ಮತ್ತೆ ತೆರೆಯಿತು. ಬಣ್ಣದ ಗೋಡೆಗಳಿಗಾಗಿ ಅದು, ಊರ ಹೊರಗಿರುವ ವಿಲ್ಲಾ ದೇಯಿ ಮಿಸ್ತೇರಿ, ಇವೆರಡನ್ನು ಬಿಡಬಾರದು. ಎರಡರ ನಡುವೆ ನಡಿಗೆ ಇದೆ. ಮೂರು, ಜನ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ ಅಂತ ಮಾಡಿದ್ದಾರೆ. ಟಿಕೆಟ್ ಮೇಲೆ ಹೆಸರು ಇರುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ಮಿತಿಯೇ ಇಪ್ಪತ್ತು ಸಾವಿರ ಅಂದರೆ ಊಹಿಸಿಕೊಳ್ಳಿ.

ಹೋಗುವುದೇ ಆದರೆ ಎಲ್ಲರೂ ನುಗ್ಗುವ ಪೋರ್ತಾ ಮರೀನಾ ಬಾಗಿಲು ಬಿಟ್ಟು, ಪಿಯಾಝಾ ಆಂಫಿತೆಯಾತ್ರೊ ಕಡೆಯ ಬಾಗಿಲಿಂದ ಒಳಗೆ ಹೋಗಿ. ಬೆಳಗಿನ ತಂಪಿನಲ್ಲಿ ಕ್ರಿ.ಪೂ. 70ರ ಸುಮಾರಿಗೆ ಕಟ್ಟಿದ ದೊಡ್ಡ ಕ್ರೀಡಾಂಗಣ ಖಾಲಿ ಸಿಗುತ್ತದೆ. ಕಲ್ಲಿನಲ್ಲಿ ಕಟ್ಟಿದ ರೋಮನ್ ಕ್ರೀಡಾಂಗಣಗಳಲ್ಲಿ ನಮಗೆ ಗೊತ್ತಿರುವಷ್ಟರಲ್ಲಿ ಇದೇ ಹಳೆಯದು. ಗಾಲಿಕುರ್ಚಿ ಸಾಗುವಂತೆ ಸಮತಟ್ಟು ಮಾಡಿದ ದಾರಿಯೂ ಈ ಕಡೆಯಿಂದಲೇ ಶುರು. ಸ್ಟೇಷನ್ನಿನ ಹೊರಗೆ "ಕ್ಯೂ ಇಲ್ಲದೆ ಒಳಗೆ" ಅಂತ ಕೂಗುವವರನ್ನು ದಾಟಿ ನಡೆಯಿರಿ. ನಾವು ಅಂಥ ಒಬ್ಬರಿಗೆ ದುಡ್ಡು ಕೊಟ್ಟು, ಗುಂಪು ತುಂಬಲಿ ಅಂತ ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತೆವು. ಅಷ್ಟರಲ್ಲಿ ಕೌಂಟರಿನ ಮುಂದಿದ್ದ ಕ್ಯೂ ಕರಗಿಹೋಗಿತ್ತು.

ಹರ್ಕ್ಯುಲೇನಿಯಂ: ಮನೆ ಅಂದರೆ ಮನೆ

ನೇಪಲ್ಸ್‌ನಿಂದ ಇಪ್ಪತ್ತು ನಿಮಿಷ. ಎರ್ಕೊಲಾನೊ ಸ್ಕಾವಿ ಅನ್ನುವ ಸ್ಟೇಷನ್. ಸ್ಕಾವಿ ಅಂದರೆ ಅಗೆತ. ಇಳಿದು ಹತ್ತು ನಿಮಿಷ ಇಳಿಜಾರಿನಲ್ಲಿ ನೇರ ನಡೆದರೆ ಬಾಗಿಲು. ವಾಪಸ್ ಬರುವಾಗ ಏರು, ಅದು ನೆನಪಿರಲಿ.

ಬಾಗಿಲು ದಾಟಿದ ಕೂಡಲೇ ಊರು ಕಾಲ ಕೆಳಗೆ ಕಾಣುತ್ತದೆ. ದೊಡ್ಡ ಗುಂಡಿಯೊಳಗೆ ಹಳೇ ಊರು. ಗುಂಡಿಯ ಅಂಚಿನ ಮೇಲೆ ಈಗಿನ ಮನೆಗಳು, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ. ನಾನು ಒಂದು ಕಡೆ ರೋಮನ್ ಮಹಡಿ, ಇನ್ನೊಂದು ಕಡೆ ಯಾರದೋ ಲುಂಗಿಯಂಥ ಚಾದರ ನೋಡುತ್ತಾ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಕೆಳಗೆ ಇಳಿದರೆ ಹಳೇ ಕಡಲ ದಂಡೆ. ಈಗ ಕಡಲು ದೂರ ಹೋಗಿದೆ. ದಂಡೆಗೆ ಮುಖ ಮಾಡಿ ಕಮಾನಿನ ಕೋಣೆಗಳ ಸಾಲು, ದೋಣಿ ಇಡುವ ಜಾಗ. ಹರ್ಕ್ಯುಲೇನಿಯಂನ ಜನ ಹೆಚ್ಚಿನವರು ತಪ್ಪಿಸಿಕೊಂಡಿರಬೇಕು ಅಂತ ಮೊದಲು ನಂಬಿದ್ದರು, ಊರೊಳಗೆ ಅಸ್ಥಿಪಂಜರ ಸಿಕ್ಕಿದ್ದೇ ಕಡಿಮೆ. 1980ರ ದಶಕದಲ್ಲಿ ಈ ಕೋಣೆಗಳನ್ನು ಅಗೆದರು. ಸುಮಾರು 300 ಜನ ಒಬ್ಬರಿಗೊಬ್ಬರು ಒತ್ತಿಕೊಂಡು ಅಲ್ಲಿದ್ದರು. ದೋಣಿ ಬರುತ್ತದೆ ಅಂತ ಕಾದವರು. ಚಿಕ್ಕ ಮಕ್ಕಳಿದ್ದರೆ ಇಲ್ಲಿ ಹೆಚ್ಚು ನಿಲ್ಲಬೇಡಿ. ಗೆಳೆಯನ ಮಗಳು ಆ ರಾತ್ರಿ ನಿದ್ದೆ ಮಾಡಲಿಲ್ಲ.

ಅಲ್ಲಿಂದ ಮೇಲೆ ಹತ್ತಿ ಬೀದಿಗೆ ಬಂದರೆ ಬೇರೆಯೇ ಲೋಕ. ಒಂದು ಮನೆಯಲ್ಲಿ ಪಡಸಾಲೆಯನ್ನೂ ಯಜಮಾನ ಕೂರುವ ಕೋಣೆಯನ್ನೂ ಬೇರೆ ಮಾಡುವ ಮರದ ಮಡಚು ಬಾಗಿಲು ಹಾಗೇ ನಿಂತಿದೆ, ಇದ್ದಿಲು ಬಣ್ಣದಲ್ಲಿ. ಇನ್ನೊಂದು ಕಡೆ ಬಡವರ ಬಾಡಿಗೆ ಮನೆ. ಮರದ ಚೌಕಟ್ಟು ಕಟ್ಟಿ ನಡುವೆ ಕಲ್ಲು, ಗಾರೆ ತುಂಬಿದ ಅಗ್ಗದ ಗೋಡೆ, ಮೇಲೊಂದು ಮಹಡಿ. ಕಾಸಾ ಆ ಗ್ರಾತಿಚ್ಚೊ ಅಂತ ಅದರ ಹೆಸರು. ಪಾಂಪೇಯಲ್ಲಿ ಶ್ರೀಮಂತರ ಅಂಗಳ ಬೇಕಾದಷ್ಟು ನೋಡಬಹುದು. ಬಡವರು ಮಹಡಿ ಮೇಲೆ ಹೇಗೆ ಬಾಳಿದರು ಅನ್ನುವುದು ಕಣ್ಣಿಗೆ ಕಾಣುವುದು ಇಲ್ಲಿ.

ನೆಪ್ಚೂನ್ ಮತ್ತು ಆಂಫಿತ್ರೀತೆಯ ಮನೆ ಚಿಕ್ಕದು. ಅದರ ಒಳಗೋಡೆಯ ಮೇಲೆ ಗಾಜಿನ ಚೂರುಗಳಲ್ಲಿ ಮಾಡಿದ ನೀಲಿ, ಹಳದಿ ಚಿತ್ರ ಇದೆ. ನಿನ್ನೆ ಮಾಡಿದ ಹಾಗಿದೆ. ಎಲ್ಲರೂ ಅದರ ಫೋಟೊ ತೆಗೆದು ಹೊರಡುತ್ತಾರೆ. ನೀವು ಪಕ್ಕದ ಅಂಗಡಿಯನ್ನೂ ನೋಡಿ. ಅಟ್ಟ ಇದೆ, ದ್ರಾಕ್ಷಾರಸದ ಜಾಡಿಗಳನ್ನು ಮಲಗಿಸಿಡುವ ಮರದ ಗೂಡು ಇದೆ. ಅಮ್ಮ ನಿಂತಿದ್ದು ಅಲ್ಲೇ. "ನಮ್ಮ ಅಜ್ಜನ ಅಂಗಡಿ ಅಟ್ಟ ಹೀಗೇ ಇತ್ತು" ಅಂದರು. ಹೆಂಗಸರ ಸ್ನಾನದ ಮನೆಯಲ್ಲಿ ಬಟ್ಟೆ ಇಡುವ ಗೂಡುಗಳು, ಕೂರುವ ಕಟ್ಟೆ, ನೆಲದ ಚಿತ್ರ ಎಲ್ಲ ಹಾಗೇ ಇವೆ.

ಊರಿನ ಒಂದು ಚರಂಡಿಯಲ್ಲಿ ಸಿಕ್ಕ ಕಸವನ್ನು ಸೋಸಿ ಜನ ಏನು ತಿನ್ನುತ್ತಿದ್ದರು ಅಂತ ಕಂಡುಹಿಡಿದಿದ್ದಾರೆ. ಅಂಜೂರ, ಆಲಿವ್, ಮೊಟ್ಟೆ, ಮೀನು. ಮೇಲಿನ ಮನೆಗಳಲ್ಲಿ ಇದ್ದವರು ಅಂಗಡಿಯವರು, ಸಾಧಾರಣ ಜನ. ಊಟ ಮಾತ್ರ ಬಡವಾಗಿರಲಿಲ್ಲ.

ಊರ ಹೊರಗಿನ ಒಂದು ದೊಡ್ಡ ಬಂಗಲೆಯಲ್ಲಿ 18ನೇ ಶತಮಾನದಲ್ಲಿ ಸುಮಾರು 1,800 ಸುಟ್ಟ ಪಪೈರಸ್ ಸುರುಳಿಗಳೂ ತುಂಡುಗಳೂ ಸಿಕ್ಕವು. ಬಿಚ್ಚಿದರೆ ಪುಡಿ. ಈಗ ಬಿಚ್ಚದೆಯೇ ಎಕ್ಸ್‌ರೇ ತೆಗೆದು, ಕಂಪ್ಯೂಟರ್ ಕೈಯಲ್ಲಿ ಓದಿಸುತ್ತಿದ್ದಾರೆ. 2023ರಲ್ಲಿ ಹಾಗೆ ಓದಲು ಸಿಕ್ಕ ಮೊದಲ ಪದ ಗ್ರೀಕಿನ ಒಂದು ಬಣ್ಣದ ಹೆಸರು, ನೇರಳೆ. ಹೋದರೆ ಆ ಬಂಗಲೆ ನೋಡಬಹುದು ಅಂದುಕೊಳ್ಳಬೇಡಿ, ಅದರ ಹೆಚ್ಚಿನ ಭಾಗ ಇನ್ನೂ ನೆಲದೊಳಗೇ ಇದೆ.

ಎರಡೂವರೆ, ಮೂರು ಗಂಟೆಯಲ್ಲಿ ಪೂರ್ತಿ ಮುಗಿಯುತ್ತದೆ. ನನ್ನ ಮಟ್ಟಿಗೆ ಇದೇ ದೊಡ್ಡ ವಿಷಯ. ಪಾಂಪೇಯಿಂದ ಹೊರಗೆ ಬರುವಾಗ ಏನೇನೋ ಬಿಟ್ಟುಹೋಯಿತು ಅನ್ನುವ ಕೊರಗು ಇರುತ್ತದೆ. ಇಲ್ಲಿ ಅದಿಲ್ಲ. ಕೊರತೆಯೂ ಇದೆ. ದೊಡ್ಡ ಚೌಕ, ಕ್ರೀಡಾಂಗಣ, ಬೆಟ್ಟವನ್ನು ಹಿಂದಿಟ್ಟುಕೊಂಡ ಆ ಪ್ರಸಿದ್ಧ ನೋಟ ಇವೆಲ್ಲ ಬೇಕು ಅನ್ನುವವರಿಗೆ ಇಲ್ಲಿ ನಿರಾಸೆ ಆಗುತ್ತದೆ.

ಓಸ್ತಿಯಾ: ಯಾರೂ ಹೊಡೆಯದೆ ಸತ್ತ ಊರು

ರೋಮ್‌ನ ಪಿರಾಮಿಡೆ ಮೆಟ್ರೊ ಪಕ್ಕದ ಪೋರ್ತಾ ಸಾನ್ ಪಾವೊಲೊ ಸ್ಟೇಷನ್ನಿಂದ ಅರ್ಧ ಗಂಟೆ. ಊರೊಳಗಿನ ಮೆಟ್ರೊ ಟಿಕೆಟ್ಟೇ ಸಾಕು. ಟೈಬರ್ ನದಿ ಕಡಲು ಸೇರುವಲ್ಲಿ ಇದ್ದ ರೋಮ್‌ನ ಬಂದರು ಇದು. ಇಲ್ಲಿ ಬೆಟ್ಟ ಸಿಡಿಯಲಿಲ್ಲ. ನದಿ ಹೂಳು ತುಂಬಿತು, ವ್ಯಾಪಾರ ಕುಸಿಯಿತು, ಜನ ಒಬ್ಬೊಬ್ಬರಾಗಿ ಬಿಟ್ಟುಹೋದರು. ಹೋಗುವಾಗ ಸಾಮಾನೂ ಒಯ್ದರು. ಹಾಗಾಗಿ ಮಂಚ, ರೊಟ್ಟಿ ಇಲ್ಲಿ ಹುಡುಕಬೇಡಿ.

ಸಿಗುವುದು ಇಟ್ಟಿಗೆಯ ಬಹುಮಹಡಿ ವಠಾರಗಳು. ಪಾಂಪೇಯ ಕಾಲಕ್ಕಿಂತ ಮುಂದಿನವು, ನೂರಾರು ಸಂಸಾರ ಒಟ್ಟಿಗೆ ಬಾಳಿದ ಅಪಾರ್ಟ್‌ಮೆಂಟ್‌ಗಳು. ನಾಟಕಶಾಲೆಯ ಹಿಂದಿನ ಚೌಕದಲ್ಲಿ ವ್ಯಾಪಾರಿಗಳ ಕಚೇರಿಗಳ ಸಾಲಿದೆ. ಪ್ರತಿ ಕಚೇರಿಯ ಮುಂದಿನ ನೆಲದಲ್ಲಿ ಕಪ್ಪು ಬಿಳುಪು ಚಿತ್ರ, ಅದೇ ಬೋರ್ಡು. ಹಡಗು, ದೀಪಸ್ತಂಭ, ಧಾನ್ಯದ ಅಳತೆ. ಆಫ್ರಿಕಾದ ಸಬ್ರಾತಾದವರ ಕಚೇರಿಯ ಮುಂದೆ ಆನೆ. ಓದು ಬಾರದವರಿಗೂ ಗೊತ್ತಾಗಲಿ ಅಂತಲೋ ಏನೋ. ಸಾರ್ವಜನಿಕ ಶೌಚಾಲಯವನ್ನು ಮಕ್ಕಳಿಗೆ ತಪ್ಪದೆ ತೋರಿಸಿ. ಸಾಲಾಗಿ ಕೂರುವ ಕಲ್ಲುಗಳು, ನಡುವೆ ತಡಿಕೆ ಇಲ್ಲ. ಅವರ ನಗು ನಿಲ್ಲುವುದಿಲ್ಲ.

ಪೈನ್ ಮರಗಳ ನೆರಳು ಇದೆ, ಜನ ಕಡಿಮೆ. ಆಗಸ್ಟ್‌ನಲ್ಲಿ ರೋಮ್‌ಗೆ ಹೋಗಿ ಸಿಕ್ಕಿಹಾಕಿಕೊಂಡವರಿಗೆ ನಾನು ಹೇಳುವುದು ಇದನ್ನೇ. ಸೋಮವಾರ ರಜೆ.

ಇನ್ನುಳಿದವು

ಪೆಸ್ಟಮ್ ರೋಮನ್ನರಿಗಿಂತ ಮೊದಲಿನದು. ಗ್ರೀಕರು ಬಂದು ಕಟ್ಟಿದ ಊರು. ಕ್ರಿ.ಪೂ. 6, 5ನೇ ಶತಮಾನದ ಮೂರು ಗುಡಿಗಳು ಕಂಬಸಮೇತ ನಿಂತಿವೆ. ನೇಪಲ್ಸ್‌ನಿಂದ ಸಲೆರ್ನೊ ಮೇಲೆ ರೈಲು, ಒಂದೂಕಾಲು ಗಂಟೆ ಆಸುಪಾಸು. ರೋಮ್‌ನಿಂದ ಒಂದೇ ದಿನಕ್ಕೆ ಒದ್ದಾಡಬೇಡಿ. ನೇಪಲ್ಸ್‌ನಲ್ಲಿ ಎರಡು ರಾತ್ರಿ ಉಳಿಯುವವರು ಹೋಗಲಿ. ಒಪ್ಲೊಂತಿಸ್ ಅನ್ನುವ ಒಂಟಿ ಬಂಗಲೆ ಪಾಂಪೇ ದಾರಿಯಲ್ಲೇ, ತೊರೆ ಅನ್ನುನ್ಸಿಯಾತಾದಲ್ಲಿದೆ. ಗೋಡೆಚಿತ್ರದ ಹುಚ್ಚಿರುವವರಿಗೆ ಒಂದು ಗಂಟೆ ಸಾಕು.

ಪಾಂಪೇ, ಹರ್ಕ್ಯುಲೇನಿಯಂ ಎರಡನ್ನೂ ಒಂದೇ ದಿನ ಮಾಡುವ ಟೂರ್‌ಗಳಿವೆ. ಮಾಡಬಹುದು, ಆದರೆ ಮಧ್ಯಾಹ್ನದ ಮೇಲೆ ಎಲ್ಲ ಕಂಬವೂ ಒಂದೇ ಥರ ಕಾಣಲು ಶುರುವಾಗುತ್ತದೆ. ಎರಡೂ ಬೇಕೇ ಬೇಕು ಅಂದರೆ ನೇಪಲ್ಸ್‌ನಲ್ಲಿ ಒಂದು ರಾತ್ರಿ ಉಳಿಯಿರಿ.

ಇಟಲಿಯ ಇಂಥ ಸರ್ಕಾರಿ ಜಾಗಗಳಲ್ಲಿ 18 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಯಾವ ದೇಶದವರಾದರೂ. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಪುಕ್ಕಟೆ, ಆದ್ದರಿಂದಲೇ ಅವತ್ತು ಹೋಗಬೇಡಿ. ಪಾಂಪೇಯಲ್ಲಿ ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಕುಡಿಯುವ ನೀರಿನ ನಲ್ಲಿಗಳು ಒಳಗೇ ಇವೆ, ಖಾಲಿ ಬಾಟಲಿ ಸಾಕು. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಆ ಕಲ್ಲುಹಾಸು ಜಾರುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ನೇಪಲ್ಸ್ ಕಡೆ ಪಿಜ್ಜಾ ಮಾರ್ಗರೀಟಾ, ಚೀಸ್ ಇಲ್ಲದ ಮರೀನಾರಾ ಎಲ್ಲೆಡೆ ಸಿಗುತ್ತವೆ. ಆದರೆ ಅಂಗಡಿಯಲ್ಲಿ ನಮ್ಮ ಕೋಡುಬಳೆಯ ಹಾಗೆ ಕಾಣುವ ತರಾಲ್ಲಿ ಇರುತ್ತದಲ್ಲ, ಅದರಲ್ಲಿ ಅನೇಕ ಸಲ ಹಂದಿ ಕೊಬ್ಬು ಹಾಕಿರುತ್ತಾರೆ. ಕೇಳಿಯೇ ಕೊಳ್ಳಿ. ನಮಗೆ ಇದು ಗೊತ್ತಾಗಿದ್ದು ಅಮ್ಮ ಎರಡು ತಿಂದು, ಚೆನ್ನಾಗಿದೆ ಅಂದ ಮೇಲೆ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಕೊನೆಯದಾಗಿ ಮ್ಯೂಸಿಯಂ. ಪಾಂಪೇಗೆ ಹೋಗಲಿ, ಹರ್ಕ್ಯುಲೇನಿಯಂಗೆ ಹೋಗಲಿ, ಅಲ್ಲಿನ ಒಳ್ಳೆಯ ಚಿತ್ರ, ಮೂರ್ತಿಗಳಲ್ಲಿ ಹೆಚ್ಚಿನವು ಇರುವುದು ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂನಲ್ಲಿ. ಅಲ್ಲಿ ನಮ್ಮ ದೇಶದ್ದೂ ಒಂದಿದೆ. 1938ರಲ್ಲಿ ಪಾಂಪೇಯ ಮನೆಯೊಂದರಲ್ಲಿ ಸಿಕ್ಕ, ಗೇಣುದ್ದಕ್ಕಿಂತ ಸ್ವಲ್ಪ ಎತ್ತರದ ದಂತದ ಹೆಣ್ಣು ಮೂರ್ತಿ. ಮೊದಲು ಲಕ್ಷ್ಮಿ ಅಂದರು, ಈಗ ಯಕ್ಷಿ ಇರಬೇಕು ಅನ್ನುತ್ತಾರೆ. ಭಾರತದಿಂದ ಹಡಗೇರಿ ಹೋದವಳು. ಬದಲಿಗೆ ರೋಮನ್ನರ ದುಡ್ಡು ಈ ಕಡೆ ಬಂತು. 1891ರಲ್ಲಿ ನಮ್ಮ ಯಶವಂತಪುರದಲ್ಲೇ ರೈಲು ದಾರಿಗೆ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತ್ತು. ಆ ಮೂರ್ತಿಯನ್ನು ಇಟ್ಟಿರುವುದು ಮುಖ್ಯ ಸಾಲಿನಲ್ಲಲ್ಲ, ಹಳೇ ಕಾಲದ ಶೃಂಗಾರದ ಚಿತ್ರಗಳನ್ನೆಲ್ಲ ಒಟ್ಟಿಗೆ ಇಟ್ಟಿರುವ ಗುಪ್ತ ಕೋಣೆಯಲ್ಲಿ. ಅಪ್ಪ ಅಮ್ಮನ ಜೊತೆ ಹೋಗುವವರು ಆ ಕೋಣೆಗೆ ಒಬ್ಬೊಬ್ಬರಾಗಿ ಹೋಗುವುದು ಒಳ್ಳೆಯದು.

ಮ್ಯೂಸಿಯಂಗೆ ಮಂಗಳವಾರ ರಜೆ. ಆ ಅಕ್ಟೋಬರ್‌ನಲ್ಲಿ ನಾವು ಅದರ ಮೆಟ್ಟಿಲ ಮುಂದೆ ಹೋಗಿ ನಿಂತಿದ್ದು ಮಂಗಳವಾರವೇ. ಮೂರ್ತಿಯನ್ನು ನಾನು ನೋಡಿದ್ದು ಇನ್ನೊಂದು ಸಲ, ಒಬ್ಬನೇ ಹೋದಾಗ.